ನಿಜವಾದರೂ ಒಂದೇ ಸರ, ಸುಳ್ಳಾದರೂ ಒಂದೇ ಸರ

ಬೆಳಗಾದರೆ ಸಾಕು, ಕಂಬಗಳ ಮೇಲೆ ನಿಂತ ಬಾರ್ನಬಾನ ಮನೆಯ ಕೆಳಗೆ ಕುಟ್ಟುವ ಸದ್ದು ಶುರುವಾಗುತ್ತಿತ್ತು. ಲಂಗಾಲಂಗಾ ಹಿನ್ನೀರಿನ ಕಲ್ಲುದ್ವೀಪಗಳಲ್ಲಿ ಹೆಂಗಸರ ಹೊತ್ತೆಲ್ಲ ಹೋಗುವುದು ಚಿಪ್ಪಿನ ಕೆಲಸದಲ್ಲೇ. ಒಬ್ಬಳು ಚಿಪ್ಪನ್ನು ಕಲ್ಲಿನ ಮೇಲಿಟ್ಟು ಒಡೆಯುತ್ತಾಳೆ, ಇನ್ನೊಬ್ಬಳು ಕೊರೆದು ತೂತು ಮಾಡುತ್ತಾಳೆ, ಮತ್ತೊಬ್ಬಳು ದಾರಕ್ಕೆ ಪೋಣಿಸಿ ಕಲ್ಲಿಗೆ ಉಜ್ಜಿ ನಯ ಮಾಡುತ್ತಾಳೆ. ಹೆಣ್ಣು ತರುವಾಗ, ಜಗಳ ತೀರಿಸುವಾಗ, ಸತ್ತವರ ಮನೆಗೆ ಹೋಗುವಾಗ ಹಣದ ಹಾಗೆ ಕೈಯಿಂದ ಕೈಗೆ ದಾಟುವುದು ಈ ಸರಗಳೇ. ಮಾಡುವವರು ಹೆಂಗಸರು; ಕೊಡುವವರು, ತೆಗೆದುಕೊಳ್ಳುವವರು ಗಂಡಸರು. ನಮ್ಮಲ್ಲಿ ಇದನ್ನು ಯಾರೂ ವಿಚಿತ್ರ ಅಂದುಕೊಂಡಿಲ್ಲ.

ಬಾರ್ನಬಾನ ತಂಗಿ ನೆಸ್ಟಾ ಮಾತ್ರ ಆ ಕೆಲಸಕ್ಕೆ ಮಧ್ಯಾಹ್ನದ ಮೇಲೆ ಬಂದು ಕೂರುತ್ತಿದ್ದಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವಳು ಅಣ್ಣನ ಮನೆಗೆ ವಾಪಸು ಬಂದಿದ್ದಳು. ಚರ್ಚಿನ ಪಕ್ಕದ ಗರಿ ಚಪ್ಪರದಲ್ಲಿ ಒಂದು ಬಾಲವಾಡಿ ನಡೆಸುತ್ತಿದ್ದಳು. ಅಂಬೆಗಾಲು ಬಿಟ್ಟು ಎದ್ದ ಮಗುವಿನಿಂದ ಹಿಡಿದು ಹಲ್ಲು ಬೀಳುವ ಮಕ್ಕಳವರೆಗೆ ಎಲ್ಲ ಅಲ್ಲೇ. ತಾಯಂದಿರು ಒಂದು ದಿನ ಗೆಣಸು, ಒಂದು ದಿನ ಮೀನು ತಂದುಕೊಟ್ಟು ಮಕ್ಕಳನ್ನು ಬಿಟ್ಟು ಹೋಗುತ್ತಿದ್ದರು. ಅತ್ತಿಗೆ ಎಡ್ನಾ ತಮಾಷೆ ಮಾಡುವಳು, "ಹೆರೋ ಕಷ್ಟ ನಮಗೆ, ಮಕ್ಕಳು ಮಾತ್ರ ನಿಂದು" ಎಂದು. ನೆಸ್ಟಾ ನಗುತ್ತಿದ್ದಳು. ಆ ಮಾತು ಅವಳಿಗೆ ಒಳಗೊಳಗೇ ಬಹಳ ಇಷ್ಟವಾಗಿತ್ತು.

ಹೀಗಿರುವಾಗ ಒಂದು ವಾರ ಬಾಲವಾಡಿಗೆ ಮಕ್ಕಳು ಕಡಿಮೆಯಾದರು. ಕೆಮ್ಮು ಇರಬೇಕು ಅಂದುಕೊಂಡಳು ನೆಸ್ಟಾ. ಮುಂದಿನ ವಾರ ಇನ್ನೂ ಕಡಿಮೆ. ಅದೇ ವಾರ ಮನೆಯಲ್ಲಿ ಏನೋ ಸಂಭ್ರಮ. ಹಿನ್ನೀರಿನ ಆ ಕಡೆಯ ಆಲಿಕ್ ಎಂಬ ಹಿರಿಯ ತನ್ನ ಗಂಡುಮಕ್ಕಳನ್ನು ಕರೆದುಕೊಂಡು ದೋಣಿಯಲ್ಲಿ ಬಂದ. ಜೊತೆಗೆ ಕಾಲು ಕಟ್ಟಿದ ಒಂದು ಹಂದಿ, ಬಟ್ಟೆಯಲ್ಲಿ ಸುತ್ತಿದ ಒಂದು ದೊಡ್ಡ ಕೆಂಪು ಸರ. ಊರ ಯಜಮಾನ ಕ್ವಾಯೆಗಾ ನಡುವೆ ಕೂತ. ನೆಸ್ಟಾ ಹಿಂದುಗಡೆ ಅಡುಗೆ ಗುಡಿಸಲಲ್ಲಿ ತೆಂಗಿನಕಾಯಿ ತುರಿಯುತ್ತಾ ಕೂತಿದ್ದಳು. ಬಂದವರಿಗೆ ಗೆಣಸು ಬೇಯಿಸಿ, ಕಾಯಿಹಾಲು ಹಿಂಡಿ, ಎಲೆ ಹಾಸಿ ಬಡಿಸಿದವಳೂ ಅವಳೇ.

ಅದೇನು ವಿಷಯ ಎಂದು ಅವಳಿಗೆ ಗೊತ್ತಾದದ್ದು ಮಾರನೆಯ ದಿನ ಪಾತ್ರೆ ತೊಳೆಯುವಾಗ. ಎಡ್ನಾಳೇ ತಡೆಯಲಾರದೆ ಹೇಳಿದಳು. ಆಲಿಕನ ಸೊಸೆ ಹಿಲ್ಡಾ ಔಕಿ ಪೇಟೆಯ ಬಂದರಿನಲ್ಲಿ ನೆಸ್ಟಾಳನ್ನು ನೋಡಿದಳಂತೆ. ನೆಸ್ಟಾ ಸರಕಿನ ಗೋದಾಮಿನ ಹಿಂದಿನ ಕೋಣೆಗೆ ಒಬ್ಬ ಹಡಗಿನವನ ಜೊತೆ ಹೋದಳಂತೆ, ಬಹಳ ಹೊತ್ತು ಬರಲಿಲ್ಲವಂತೆ. ಈ ಮಾತು ನೀರಿಗೆ ಹೋಗುವ ಹೆಂಗಸರಿಂದ ಸಂತೆ ದೋಣಿಗೆ, ಸಂತೆ ದೋಣಿಯಿಂದ ಮನೆಮನೆಗೆ ಹೋಗಿ, ಕೊನೆಗೆ ಯಜಮಾನನ ಕಿವಿಗೂ ಬಿದ್ದು, ಆತ ಎರಡೂ ಮನೆಯವರನ್ನು ಕರೆಸಿ ರಾಜಿ ಮಾಡಿಸಿದ್ದ.

ನೆಸ್ಟಾಳ ಕೈಲಿದ್ದ ತಪ್ಪಲೆ ಹಾಗೇ ನಿಂತಿತು. "ನಾನಾ?" ಎಂದಳು.

"ಈಗ ಎಲ್ಲ ಮುಗೀತಲ್ಲ ಬಿಡು" ಎಂದಳು ಎಡ್ನಾ. "ನಿಮ್ಮಣ್ಣ ಸರ ತಗೊಂಡ. ಇನ್ಮೇಲೆ ಯಾರೂ ಆ ಮಾತು ಎತ್ತೋ ಹಾಗಿಲ್ಲ."

ಓದುಗರೇ, ನಮ್ಮ ಪದ್ಧತಿ ಇದು. ಹೆಣ್ಣಿನ ಮೇಲೆ ಅಂಥ ಮಾತು ಬಂದರೆ ಮಾತು ಹುಟ್ಟಿದ ಮನೆಯವರು ಪರಿಹಾರ ಕೊಡಬೇಕಾದದ್ದು ಅವಳ ಅಣ್ಣತಮ್ಮಂದಿರಿಗೆ. ಹೆಸರು ಕೆಟ್ಟದ್ದು ಅವರದಂತೆ. ಅದೂ ಅಲ್ಲದೆ ಅಕ್ಕತಂಗಿಯರ ಬಗ್ಗೆ ಅಂಥ ಮಾತು ಅಣ್ಣತಮ್ಮಂದಿರ ಕಿವಿಗೆ ಬೀಳಲೇಬಾರದು. ಬಿದ್ದರೆ ಅವರು ಕತ್ತಿ ಹಿಡಿಯಬೇಕು. ಅದಕ್ಕೇ ಯಜಮಾನ "ಒಂದು ಮಾತು ನಡೆದಿದೆ" ಎಂದಷ್ಟೇ ಹೇಳುತ್ತಾನೆ, ಅಣ್ಣ ತಲೆ ತಗ್ಗಿಸುತ್ತಾನೆ, ಸರ ಕೈ ದಾಟುತ್ತದೆ, ಹಂದಿ ಬೇಯುತ್ತದೆ. ಏನು ಮಾತು, ಯಾರ ಮೇಲೆ, ಆಡಿದವರು ಯಾರು, ಕಂಡವರು ಯಾರು, ಇದರಲ್ಲಿ ಒಂದನ್ನೂ ಬಾಯಿ ಬಿಟ್ಟು ಕೇಳದೆ ವ್ಯಾಜ್ಯ ತೀರಿಹೋಗುತ್ತದೆ. ತೀರಿದ ಮೇಲೆ ಆ ಮಾತನ್ನು ಮತ್ತೆ ಎತ್ತಿದವರೇ ತಪ್ಪಿತಸ್ಥರು, ಅವರೇ ದಂಡ ಕೊಡಬೇಕು. ಇಷ್ಟು ಅಚ್ಚುಕಟ್ಟಾದ ನ್ಯಾಯ ಎಲ್ಲಾದರೂ ಉಂಟೇ?

ನೆಸ್ಟಾ ಅವತ್ತು ಔಕಿಗೆ ಹೋಗಿದ್ದು ನಿಜ. ಸಂತೆಯಲ್ಲಿ ಕೊರಳಿಗೆ ಹಾಕುವ ಸಣ್ಣ ಸರಗಳನ್ನು ಮಾರಿ, ಮಕ್ಕಳಿಗೆ ಬಣ್ಣದ ಕಡ್ಡಿ ಕೊಂಡು, ಮೊದಲ ದೋಣಿಗೇ ವಾಪಸಾಗಿದ್ದಳು. ಬಂದರಿನ ಕಡೆ ತಲೆ ಹಾಕಿರಲಿಲ್ಲ. ಇದನ್ನು ಅವಳು ಯಾರಿಗೆ ಹೇಳಬೇಕು? ಕೇಳಿದವರು ಯಾರೂ ಇರಲಿಲ್ಲ. ತಾನಾಗಿಯೇ ಹೇಳಹೊರಟರೆ ಎದುರಿನವರು ಕಿವಿ ಮುಚ್ಚಿಕೊಂಡು "ಅಯ್ಯೋ, ಆ ವಿಷಯ ಬೇಡಮ್ಮ" ಎಂದು ಸರಿದು ಹೋಗುವರು. ಮುಖ ಕಂಡರೆ ನಗುವರು. ಗೆಣಸು ಹೇಗಾಯಿತು, ಸೆಕೆ ಜಾಸ್ತಿ, ಮೀನು ಬಿತ್ತೇ, ಎಲ್ಲ ಮಾತಾಡುವರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮಕ್ಕಳು ಮಾತ್ರ ಬರಲಿಲ್ಲ. ಅವಳು ಪ್ರತಿದಿನ ಚಪ್ಪರ ಗುಡಿಸಿ, ಚಾಪೆ ಹಾಸಿ, ಹಿಂದಿನ ವರ್ಷ ಮಕ್ಕಳೇ ಬರೆದ ಮೀನಿನ ಚಿತ್ರಗಳನ್ನು ಗರಿಗಳ ನಡುವೆ ಸಿಕ್ಕಿಸಿ ಕೂರುತ್ತಿದ್ದಳು. ದಂಡೆಯಲ್ಲಿ ಅದೇ ಮಕ್ಕಳು ಆಡುವ ಗಲಾಟೆ ಕೇಳುತ್ತಿತ್ತು. ಒಂದು ಸಲ ಒಂದು ಹುಡುಗಿ ಓಡಿ ಬಂದು ಚಾಪೆಯ ಮೇಲೆ ಕೂತೇಬಿಟ್ಟಳು. ಹಿಂದೆಯೇ ಅವಳ ತಾಯಿ ಬಂದು, "ಇವಳಿಗೆ ಹುಷಾರಿಲ್ಲ ಟೀಚರ್" ಎಂದು ನಯವಾಗಿ ಹೇಳಿ ಎತ್ತಿಕೊಂಡು ಹೋದಳು. ನೆಸ್ಟಾ ಆ ದಿನ ಬಿಸಿಲು ಇಳಿಯುವವರೆಗೂ ಅಲ್ಲೇ ಕೂತಿದ್ದಳು. ಮನೆಗೆ ಹೋಗಲು ಅವಳಿಗೆ ಮನಸ್ಸೇ ಇರಲಿಲ್ಲ.

ಮನೆಯಲ್ಲಿ ಅಣ್ಣ ಇದ್ದ. ಬಾರ್ನಬಾ ಕೆಟ್ಟವನಲ್ಲ. ಹಿಡಿದ ಮೀನಿನಲ್ಲಿ ದೊಡ್ಡದನ್ನು ಆರಿಸಿ ಈಗಲೂ ತಂಗಿಯ ಎಲೆಗೇ ಹಾಕಿಸುತ್ತಿದ್ದ. ಆದರೆ ಅವಳ ಮುಖ ನೋಡುತ್ತಿರಲಿಲ್ಲ. ಅವಳು ಬಂದರೆ ಎದ್ದು ಬಲೆ ಹೊಲಿಯಲು ಹೋಗುತ್ತಿದ್ದ. ಒಂದು ದಿನ ಅವಳು ಧೈರ್ಯ ಮಾಡಿ, "ಅಣ್ಣಾ, ನಿಂಗೊಂದು ಮಾತು ಹೇಳ್ಬೇಕು" ಎಂದಳು. ಅವನು ಅವಳ ಮಾತು ಮುಗಿಯುವ ಮೊದಲೇ ದೋಣಿ ಬಿಚ್ಚಿಕೊಂಡು ಹೊರಟುಹೋದ. ಅಣ್ಣ ನಂಬಿದ್ದಾನೋ ಇಲ್ಲವೋ ಎನ್ನುವುದೊಂದೇ ಅವಳಿಗೆ ಬೇಕಾಗಿದ್ದದ್ದು. ಅದೊಂದನ್ನೇ ಅವನು ಹೇಳುವ ಹಾಗಿರಲಿಲ್ಲ.

ಎಡ್ನಾಳನ್ನು ಕೇಳಿದಳು: "ಅತ್ತಿಗೆ, ನೀನು ನಂಬಿದ್ಯಾ?"

ಎಡ್ನಾ ಒಲೆ ಊದುತ್ತಿದ್ದವಳು ತಲೆ ಎತ್ತಲಿಲ್ಲ. "ನಂಬಿದ್ರೆ ನಿನ್ನ ಕೈಯಡುಗೆ ಉಣ್ತಿದ್ನಾ?"

"ಹಾಗಿದ್ರೆ ನೀರಿನ ಹತ್ರ ಹೆಂಗಸರಿಗೆ ಹೇಳು. ಒಂದು ಸಲ ಹೇಳು ಸಾಕು."

"ಹೇಳೋ ಹಾಗಿಲ್ಲವಲ್ಲೇ. ನಾನು ಬಾಯಿ ಬಿಟ್ರೆ ನಿಮ್ಮಣ್ಣ ದಂಡ ಕೊಡ್ಬೇಕಾಗುತ್ತೆ."

ಒಳ್ಳೆಯ ಹೆಂಗಸು ಎಡ್ನಾ. ಅವಳಂಥ ಒಳ್ಳೆಯವರೆಲ್ಲ ಸೇರಿ ಒಬ್ಬಳನ್ನು ಜೀವಂತ ಹೂಳಿಬಿಟ್ಟಿದ್ದರು.

ಕೊನೆಗೆ ನೆಸ್ಟಾ ಯಜಮಾನನ ಹತ್ತಿರವೇ ಹೋದಳು. ಕ್ವಾಯೆಗಾ ಅವಳ ತಂದೆಗೆ ದಾಯಾದಿ ಅಣ್ಣ. ನೀರಂಚಿನ ಕಾಂಡ್ಲ ಗಿಡದ ನೆರಳಲ್ಲಿ ಕೂತು ಅಡಿಕೆ ಕಚ್ಚಿ, ಎಲೆಯನ್ನು ಸುಣ್ಣಕ್ಕೆ ಅದ್ದುತ್ತಿದ್ದ. ಮುದುಕ ಅವಳನ್ನು ಕಂಡದ್ದೇ ಪಕ್ಕದಲ್ಲಿ ಕೂರಿಸಿಕೊಂಡ, ಒಂದು ಅಡಿಕೆಯನ್ನೂ ಕೊಟ್ಟ. ಅವಳು ಮಕ್ಕಳು ಬರುತ್ತಿಲ್ಲ ಎಂದಳು. ಬರುತ್ತಾರೆ, ಸ್ವಲ್ಪ ದಿನ ಹೋಗಲಿ ಎಂದ. ಮಾತು ಸುಳ್ಳು ಎಂದು ನೀವಾದರೂ ಜನರಿಗೆ ಹೇಳಿ ಎಂದಳು. ಅಲ್ಲಿಗೆ ಅವನ ಮುಖ ಗಟ್ಟಿಯಾಯಿತು.

"ಮಗಳೇ, ಆರಿದ ಬೆಂಕಿ ಕೆದಕ್ಬೇಡ. ನಿನ್ನಣ್ಣ ಸರ ತಗೊಂಡ. ಹಂದಿ ತಿಂದ್ವಿ. ನೀನೂ ತಿಂದೆ."

"ಯಾಕೆ ಅಂತ ನಂಗೆ ಗೊತ್ತಿರ್ಲಿಲ್ಲ ದೊಡ್ಡಪ್ಪ. ಹೋಗ್ಲಿ, ನಾನು ಆ ಕೋಣೆಗೆ ಹೋಗಿದ್ನೋ ಇಲ್ವೋ? ನೀವೇನು ಅಂದ್ಕೊಂಡಿದೀರಿ?"

"ಅದು ಯಾಕೆ ಬೇಕು ನಂಗೆ? ನಿಜ ಆದ್ರೂ ಒಂದೇ ಸರ, ಸುಳ್ಳಾದ್ರೂ ಒಂದೇ ಸರ. ಮಾತು ನಡೀತು, ಅದಕ್ಕೆ ಪರಿಹಾರ ಆಯ್ತು."

"ಎರಡೂ ಒಂದೇನಾ?"

"ಒಂದೇ. ನನ್ನ ತಮ್ಮ, ಅಂದ್ರೆ ನಿನ್ನ ಚಿಕ್ಕಪ್ಪ, ಹೇಗೆ ಸತ್ತ ಗೊತ್ತಾ ನಿಂಗೆ? ಇಂಥದ್ದೇ ಒಂದು ಮಾತು. ನಿಜಾನಾ ಸುಳ್ಳಾ ಅಂತ ವಿಚಾರಿಸ್ತಾ ಕೂತ್ರು. ಅಷ್ಟರಲ್ಲಿ ಕತ್ತಿ ಬಿತ್ತು. ಹೆಣ ನಾನೇ ಎತ್ತಿದ್ದು. ಅವತ್ತಿಂದ ನಾನು ಯಾರನ್ನೂ ಏನೂ ವಿಚಾರಿಸಲ್ಲ, ಬೇಗ ಸರ ಕೊಡಿಸ್ತೀನಿ."

ಮುದುಕನ ಕಣ್ಣು ಒದ್ದೆಯಾಗಿತ್ತು. ರಕ್ತ ಹರಿಯದ ಹಾಗೆ ನೋಡಿಕೊಂಡ ಮನುಷ್ಯ ಅವನು, ನಾನೂ ಅವನ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಆದರೆ ಅಡಿಕೆಯನ್ನು ಅಲ್ಲೇ ಇಟ್ಟು ಎದ್ದು ಬರುವಾಗ ಅವಳಿಗೆ ಒಂದು ಸ್ಪಷ್ಟವಾಯಿತು. ಈ ಊರಿನಲ್ಲಿ ತಾನು ಸಾಯುವವರೆಗೂ ಆ ಕೋಣೆಗೆ ಹೋದವಳಾಗಿಯೇ ಇರಬೇಕು.

ಔಕಿಯಲ್ಲಿ ಬಡವರಿಗೆ ಕಾನೂನು ಸಲಹೆ ಕೊಡುವ ಲೋರೀನ್ ಎಂಬ ಹೆಂಗಸಿದ್ದಾಳೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ನೆಸ್ಟಾ ಒಂದು ಸೋಮವಾರ ಸರ ಮಾರುವ ನೆವದಲ್ಲಿ ಅಲ್ಲಿಗೆ ಹೋದಳು. ಲೋರೀನ್ ದೊಡ್ಡ ದ್ವೀಪದ ಬೆಟ್ಟದ ಕಡೆಯವಳು, ಬಾಯಿ ಜೋರು, ಮುರುಕು ಫ್ಯಾನಿನ ಕೆಳಗೆ ಕೂತು ಎಲ್ಲ ಕೇಳಿಸಿಕೊಂಡಳು. ಮಾತು ಆಡಿದವರು ಯಾರು, ಯಾರ ಮುಂದೆ, ಅದರಿಂದ ನಿಮಗೆ ಆದ ನಷ್ಟ ಏನು ಎಂದು ಒಂದೊಂದಾಗಿ ವಿಚಾರಿಸಿದಳು. ತನ್ನನ್ನು ಹೀಗೆ ಕೂರಿಸಿ ವಿಚಾರಿಸಿದ ಮೊದಲನೆಯವಳು ಇವಳೇ ಎಂದು ಹೊಳೆದು ನೆಸ್ಟಾ ಬಿಕ್ಕಿಬಿಕ್ಕಿ ಅತ್ತಳು.

"ಅಳಿ, ಪರವಾಗಿಲ್ಲ" ಎಂದಳು ಲೋರೀನ್. "ನಿಮಗೆ ಏನು ಬೇಕು? ಪರಿಹಾರಾನಾ?"

"ನಂಗೆ ಏನೂ ಬೇಡಮ್ಮ. ಆ ಹಿಲ್ಡಾ ಎಲ್ಲರ ಮುಂದೆ ನಿಂತು ಸುಳ್ಳು ಅಂತ ಹೇಳಿದ್ರೆ ಸಾಕು."

"ಕೋರ್ಟಿನ ಮುಂದೆ ಹೆಸರು ನಿಮ್ಮದು, ನಿಮ್ಮಣ್ಣಂದಲ್ಲ. ದಾವೆ ನೀವೇ ಹಾಕ್ಬಹುದು. ಮೊದಲು ನೋಟಿಸು ಕೊಟ್ಟು, ಮಾತು ವಾಪಸ್ ತಗೋ, ಕ್ಷಮೆ ಕೇಳು ಅಂತ ಒತ್ತಾಯ ಮಾಡ್ಬಹುದು. ಆದ್ರೆ ನಿಮ್ಮಣ್ಣ ಸರ ಇಸ್ಕೊಂಡಿದಾರಲ್ಲ, ಆ ಹುಡುಗಿ ಮನೆಯವ್ರು ಬಂದು ರಾಜಿ ಆಗೋಗಿದೆ ಅಂತಾರೆ."

"ರಾಜಿ ಆದದ್ದು ಅವರವರದು. ನಂದಲ್ಲ."

"ಅದನ್ನ ಇಲ್ಲಿ ನನ್ನ ಹತ್ರ ಹೇಳಿದ್ರೆ ಆಗಲ್ಲ. ನಿಮ್ಮೂರಲ್ಲಿ ಹೇಳ್ಬೇಕು. ಆ ಸರ ವಾಪಸ್ ಹೋಗ್ಬೇಕು, ನಾಲ್ಕು ಜನ ನೋಡ್ಬೇಕು. ಆಮೇಲೆ ನನ್ನ ಹತ್ರ ಬನ್ನಿ, ನಾನಿದೀನಿ." ಬಾಗಿಲವರೆಗೆ ಬಂದು ಕಳಿಸುತ್ತಾ ಮತ್ತೆ ಹೇಳಿದಳು: "ಸುಲಭ ಅಂತ ಹೇಳಲ್ಲ. ನಮ್ಮೂರಲ್ಲೂ ಇದೇ ಪದ್ಧತಿ. ಜಗಳ ನಿಲ್ಲಿಸೋಕೆ ಒಳ್ಳೇದೇ ಅದು. ಆದ್ರೆ ಯಾರ ಮೇಲೆ ಮಾತು ಬಂತೋ ಅವಳನ್ನೇ ಕೇಳದೆ ಮುಗಿಸ್ತಾರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತೆ."

ವಾಪಸು ಬರುವ ಮೋಟಾರು ದೋಣಿಯಲ್ಲಿ ನೆಸ್ಟಾಳ ಅಕ್ಕಪಕ್ಕ ಯಾರೂ ಕೂರಲಿಲ್ಲ. ಮತ್ತೆ ಔಕಿಗೆ ಹೋಗಿ ಬಂದಳಲ್ಲ ಎಂದು ಅವರೆಲ್ಲ ಅಂದುಕೊಂಡಿರಬೇಕು.

ಭಾನುವಾರ ಎಲ್ಲರೂ ಪ್ರಾರ್ಥನೆಗೆ ಹೊರಡುವಾಗ ಅವಳು ಅಣ್ಣನ ಪೆಟ್ಟಿಗೆ ತೆರೆದಳು. ಬಾರ್ನಬಾ ಬಾಗಿಲಲ್ಲೇ ಕೂತು ಅಂಗಿಯ ಗುಂಡಿ ಹಾಕುತ್ತಿದ್ದ. ಬಟ್ಟೆಯಲ್ಲಿ ಸುತ್ತಿದ ಸರವನ್ನು ಅವಳು ತೆಗೆದದ್ದನ್ನು ನೋಡಿದ. ಹೆಣ್ಣು ಸರ ಮಾಡಬಹುದು, ಅದು ಪರಿಹಾರಕ್ಕೆ ಬಂದ ಮೇಲೆ ಮುಟ್ಟಬಾರದು. ಬಾರ್ನಬಾ ಎದ್ದು ಕಿತ್ತುಕೊಳ್ಳಬಹುದಾಗಿತ್ತು. ಅವನು ಮುಖವನ್ನು ಸಮುದ್ರದ ಕಡೆ ತಿರುಗಿಸಿಕೊಂಡ. ಅದು ಬೇಡ ಎಂದೋ, ಹೋಗು ಎಂದೋ ಅವಳಿಗೆ ತಿಳಿಯಲಿಲ್ಲ. ಅವನನ್ನು ದಾಟಿ ಮೆಟ್ಟಿಲಿಳಿದಳು.

ಪ್ರಾರ್ಥನೆ ಮುಗಿದ ಮೇಲೆ ಸುತ್ತಲ ದ್ವೀಪದವರೆಲ್ಲ ಚರ್ಚಿನ ಅಂಗಳದಲ್ಲಿ ಚಾಪೆ ಹಾಸಿ ಕೂರುವುದು ವಾಡಿಕೆ. ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಇನ್ನೊಂದು ಕಡೆ. ಕ್ವಾಯೆಗಾ ಎದ್ದು ದೋಣಿಗಳ ದುರಸ್ತಿ, ನೀರಿನ ತೊಟ್ಟಿ ಎಂದು ಏನೇನೋ ಹೇಳಿ ಕೂತ. ನೆಸ್ಟಾ ಹೆಂಗಸರ ನಡುವಿನಿಂದ ಎದ್ದು ಗಂಡಸರ ಕಡೆ ನಡೆದಳು. ಆಲಿಕನ ಮುಂದೆ ಗಂಟು ಬಿಚ್ಚಿ ಕೆಂಪು ಸರವನ್ನು ಚಾಪೆಯ ಮೇಲೆ ಇಟ್ಟಳು.

"ಇದು ನನ್ನ ಹೆಸರಿಗೆ ಬಂದಿದ್ದು" ಎಂದಳು. "ನಾನು ತಗೊಂಡಿಲ್ಲ."

ಆಲಿಕ್ ಹಾವು ಕಂಡವನ ಹಾಗೆ ಹಿಂದೆ ಸರಿದ. ಯಾರೋ, ಇವಳಿಗೆ ತಲೆ ಕೆಟ್ಟಿದೆ ಎಂದರು. ಇನ್ನಾರೋ, ಹೆಂಗಸು ಸರ ಮುಟ್ಟಿದಳಲ್ಲ, ಇದಕ್ಕೂ ದಂಡ ಹಾಕಬೇಕು ಎಂದರು. ನೆಸ್ಟಾ ಅವರತ್ತ ನೋಡಲಿಲ್ಲ. ಮಡಿಲಲ್ಲಿ ಮಗು ಇಟ್ಟುಕೊಂಡು ಕೂತಿದ್ದ ಹಿಲ್ಡಾಳ ಕಡೆ ತಿರುಗಿದಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ, ಕಳೆದ ವರ್ಷ ಮದುವೆಯಾಗಿ ಬಂದವಳು.

"ಹಿಲ್ಡಾ, ಅವತ್ತು ಗೋದಾಮಿನ ಹತ್ರ ನೀನು ನೋಡಿದ್ದು ನನ್ನನ್ನೇನಾ?"

"ಬಾಯಿ ಬಿಡಬೇಡ" ಎಂದ ಆಲಿಕ್ ಸೊಸೆಗೆ. "ಒಂದು ಮಾತಾಡಿದ್ರೆ ಮತ್ತೆ ಕೊಡ್ಬೇಕಾಗುತ್ತೆ."

ಹಿಲ್ಡಾ ಮಾವನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಮಗುವನ್ನು ಪಕ್ಕದವಳ ಮಡಿಲಿಗೆ ಹಾಕಿ ಎದ್ದು ನಿಂತಳು.

"ಇಲ್ಲ ಅಕ್ಕ" ಎಂದಳು. ದನಿ ಎಷ್ಟು ಸಣ್ಣದೆಂದರೆ ಹಿಂದಿನವರು ಮುಂದೆ ಬಗ್ಗಿದರು. "ನಾನು ಮುಖ ನೋಡಿಲ್ಲ. ಬೆನ್ನು ಕಂಡಿದ್ದು. ನೆಸ್ಟಾ ಅಕ್ಕನ ಥರಾ ಯಾರೋ ಹೋದ್ರಪ್ಪ ಅಂದೆ, ಅಷ್ಟೇ ಅಂದಿದ್ದು. ಮಾರನೇ ದಿನ ನೋಡಿದ್ರೆ ಎಲ್ಲರೂ ನೀವೇ ಅಂತಿದಾರೆ. ಹೆದರಿಕೆ ಆಯ್ತು. ಕೊನೆಗೊಂದು ದಿನ ಮಾವಂಗೆ ಹೇಳೋಣ ಅಂತ ಹೋದೆ, ಅವ್ರು ಆಗ್ಲೇ ಸರ ತೆಗೆದಿಟ್ಟು ಹಂದಿ ಕಟ್ತಿದ್ರು. ನನ್ನ ಕೂರಿಸಿ ಒಂದು ಸಲ ವಿಚಾರಿಸಿದ್ರೆ ಹೇಳಿಬಿಡ್ತಿದ್ದೆ. ಯಾರೂ ವಿಚಾರಿಸ್ಲಿಲ್ಲ. ಆಮೇಲೆ ಹೇಳಬಾರದು ಅಂದ್ರು."

ಹೆಂಗಸರಲ್ಲಿ ಗುಸುಗುಸು ಎದ್ದಿತು. ಕ್ವಾಯೆಗಾ ಕೋಲೂರಿ ಎದ್ದ. ತಮ್ಮನ ಹೆಣ ಅವನ ಕಣ್ಣ ಮುಂದೆ ಬಂದಿತೋ ಏನೋ.

"ಸಾಕು" ಎಂದ. "ಇಲ್ಲಿ ಯಾವ ಮಾತೂ ನಡೆದಿಲ್ಲ. ಯಾರ ಕಿವಿಗೂ ಏನೂ ಬಿದ್ದಿಲ್ಲ. ಆಲಿಕ್, ಸರ ಬಾರ್ನಬಾನ ಮನೆಗೆ ಕಳಿಸು. ಎಲ್ಲ ಮನೆಗೆ ಹೊರಡಿ."

ಯಜಮಾನ ಹೇಳಿದ ಮೇಲೆ ಮುಗಿಯಿತು. ಜನ ಚಾಪೆ ಸುತ್ತತೊಡಗಿದರು, ಮಕ್ಕಳ ಕೈ ಹಿಡಿದರು. ಕಣ್ಣೆದುರೇ ಕೇಳಿದವರು ಕೇಳದವರಾಗಿ ಎದ್ದು ಹೋಗುತ್ತಿದ್ದರು. ನೆಸ್ಟಾ ಅಂಗಳದ ನಡುವೆ ಒಬ್ಬಳೇ ನಿಂತಿದ್ದಳು. ನಿಜವೇ ಹೊರಗೆ ಬಂದರೂ ತನ್ನ ಪಾಲಿಗೆ ಬಾರದು ಎಂದಾದರೆ ಇನ್ನು ಕೋರ್ಟಿಗೆ ಹೋಗಿ ಏನು ಮಾಡುವುದು ಎಂದುಕೊಂಡಳು. ಆ ಗಳಿಗೆಯಲ್ಲಿ ಅವಳಿಗೆ ಗಂಡ ಸತ್ತ ದಿನಕ್ಕಿಂತಲೂ ಹೆಚ್ಚು ಒಂಟಿ ಅನ್ನಿಸಿತು.

ಗಂಡಸರ ಸಾಲಿನ ಕೊನೆಯಲ್ಲಿ ಒಬ್ಬ ಮಾತ್ರ ಚಾಪೆ ಸುತ್ತಿರಲಿಲ್ಲ.

"ನನ್ನ ಕಿವಿಗೆ ಬಿತ್ತು" ಎಂದ ಬಾರ್ನಬಾ.

ಕ್ವಾಯೆಗಾ ತಿರುಗಿದ. "ನೀನು ಅವಳ ಅಣ್ಣ ಕಣೋ. ನಿಂಗೆ ಬೀಳಬಾರದು. ಬಿತ್ತು ಅಂದ್ರೆ ಏನು ಮಾಡ್ಬೇಕಾಗುತ್ತೆ ಗೊತ್ತಲ್ಲ?"

"ಗೊತ್ತು ದೊಡ್ಡಪ್ಪ. ಕತ್ತಿ ಹಿಡಿಯಲ್ಲ ನಾನು. ಆಲಿಕ್ ಮಾವನ ಮೇಲೂ ಸಿಟ್ಟಿಲ್ಲ, ಆ ಹುಡುಗಿ ಮೇಲೂ ಇಲ್ಲ. ಮಾತು ಎತ್ತಿದ್ದಕ್ಕೆ ದಂಡ ಬೇಕು ಅಂದ್ರೆ ನನ್ನ ಹಂದಿ ಹಿಡ್ಕೊಂಡು ಹೋಗಿ." ಎದ್ದು ನಿಂತು, ದಂಡೆಯ ದೋಣಿಗಳವರೆಗೂ ಕೇಳುವ ಹಾಗೆ ಹೇಳಿದ: "ನನ್ನ ತಂಗಿ ಅಲ್ಲಿಗೆ ಹೋಗಿರ್ಲಿಲ್ಲ. ಆ ಮಾತು ಸುಳ್ಳು."

ಹೊರಟವರು ನಿಂತರು. ಎಡ್ನಾ ಬಂದು ನೆಸ್ಟಾಳ ರಟ್ಟೆ ಹಿಡಿದಳು. ಬಾರ್ನಬಾ ಇಷ್ಟು ದಿನಗಳಲ್ಲಿ ಮೊದಲ ಸಲ ತಂಗಿಯ ಮುಖವನ್ನು ನೇರವಾಗಿ ನೋಡುತ್ತಿದ್ದ.